ಕರಡಣ್ಣ ತಿದ್ದಿದ ಸಾಲು

ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿಯೇ ಕರಡಣ್ಣ ಮೂವತ್ತೊಂದು ವರ್ಷ ಅನ್ನ ತಿಂದಿದ್ದ. ಅಚ್ಚಿಗೆ ಹೋಗುವ ಪ್ರತಿ ಹಾಳೆಯೂ ಮೊದಲು ಅವನ ಮೇಜಿಗೆ ಬರಬೇಕು. ಕೆಂಪು ಪೆನ್ನು ಹಿಡಿದು ಅವನು ಒತ್ತು, ದೀರ್ಘ, ಅಲ್ಪವಿರಾಮ ಎಲ್ಲ ನೋಡಿ, ಕೊನೆಗೆ ಮೂಲೆಯಲ್ಲಿ ‘ಅಚ್ಚಿಗೆ ಹೋಗಬಹುದು’ ಎಂದು ಬರೆದು ಸಹಿ ಹಾಕಬೇಕು. ಆ ಸಹಿ ಬೀಳದೆ ಯಂತ್ರ ತಿರುಗುತ್ತಿರಲಿಲ್ಲ. ಕರಡು ತಿದ್ದುವವನಾದ್ದರಿಂದ ಎಲ್ಲರಿಗೂ ಅವನು ಕರಡಣ್ಣ. ಮೈ ದಪ್ಪ, ಕಿವಿಯಲ್ಲೂ ಕೂದಲು. ಹಾಗಾಗಿ ಯಂತ್ರ ನಡೆಸುವವನು ಖುಷಿಯಲ್ಲಿದ್ದ ದಿನ ‘ಕರಡಿಯಣ್ಣ’ ಅಂತಲೂ ಕೂಗುತ್ತಿದ್ದ. “ಒಂದು ಗುಡಿಸು, ಒಂದು ಯಕಾರ ಜಾಸ್ತಿ ಆಯ್ತು” ಎಂದು ತಲೆಯೆತ್ತದೆ ತಿದ್ದಿ ಇವನು ಸುಮ್ಮನಾಗುತ್ತಿದ್ದ.

ಪ್ರೆಸ್ಸು ಇದ್ದದ್ದು ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಎರಡು ಯಂತ್ರ, ಒಂದು ಕಾಗದ ಕತ್ತರಿಸುವ ಕತ್ತಿ, ಕಿಟಕಿಗೆ ಬೆನ್ನು ಹಾಕಿ ಕೂತು ಟೈಪು ಮಾಡುವ ಹುಡುಗಿ, ಮಸಿಯ ವಾಸನೆ. ಯಜಮಾನಿಗೆ ಅದು ತಂದೆಯಿಂದ ಬಂದದ್ದು. ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡು ಓಡಾಡುತ್ತಿದ್ದ ಆಕೆ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದರು: “ಅಕ್ಷರ ನಮ್ಮದು, ಅರ್ಥ ಅವರದು. ಅವರ ಅರ್ಥಕ್ಕೆ ನಾವು ಕೈ ಹಾಕೋ ಹಾಗಿಲ್ಲ.”

ಆ ಮಾತಿಗೆ ಕಾರಣವಿತ್ತು. ಊರಿನಲ್ಲಿದ್ದ ಎಲ್ಲ ಧರ್ಮದವರೂ ಎಲ್ಲ ಪಂಗಡದವರೂ ತಮ್ಮ ಕಿರುಹೊತ್ತಿಗೆಗಳನ್ನು ಅಲ್ಲೇ ಅಚ್ಚು ಹಾಕಿಸುತ್ತಿದ್ದರು. ಒಬ್ಬರ ಹೊತ್ತಿಗೆ ಓದಿದರೆ ಇನ್ನೊಬ್ಬರು ಕೆಟ್ಟರು. ಇನ್ನೊಬ್ಬರದ್ದು ಓದಿದರೆ ಮೊದಲಿನವರು ಕೆಟ್ಟರು. ಎರಡೂ ಕಟ್ಟುಗಳು ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಒಣಗುತ್ತಿದ್ದವು.

ಕರಡಣ್ಣ ಹುಟ್ಟಿದ್ದು ಒಬ್ಬನೇ ದೇವರನ್ನು ನಂಬುವ ಮನೆಯಲ್ಲಿ. ಅವನ ಭಕ್ತಿ ಅಷ್ಟಕ್ಕಷ್ಟೆ. ಮನೆಯ ಪಾಲಿನ ಭಕ್ತಿಯನ್ನೆಲ್ಲ ಅಕ್ಕ ಒಬ್ಬಳೇ ಹೊತ್ತುಕೊಂಡಿದ್ದಳು. ಅವನ ಹೆಂಡತಿಯ ಕಡೆಯವರದು ಹಳೇ ನಂಬಿಕೆ. ಸೂರ್ಯ, ನೀರು, ಒಲೆಯ ಬೆಂಕಿ, ತೀರಿಹೋದ ಅಜ್ಜಿಯರು, ಇವೇ ಅವರ ದೇವರುಗಳು. ಅವರಲ್ಲಿ ಉಳಿದಿದ್ದವರೇ ಬೆರಳೆಣಿಕೆಯಷ್ಟು ಜನ.

ಇಬ್ಬರೂ ಭೇಟಿಯಾದದ್ದು ಬಟ್ಟೆ ಒಗೆಯುವ ಅಂಗಡಿಯಲ್ಲಿ. ಅವಳಿಗೆ ಅಲ್ಲಿ ಗುಂಡಿ ಹೊಲಿಯುವ, ಹರಿದದ್ದಕ್ಕೆ ತೇಪೆ ಹಾಕುವ ಕೆಲಸ. ಇವನು ಮಸಿ ಚೆಲ್ಲಿದ ಅಂಗಿ ತಂದುಕೊಟ್ಟ.

“ಇದು ಹೋಗಲ್ಲ. ಸುಮ್ನೆ ಯಾಕೆ ಕೊಡ್ತೀರಿ?” ಅಂದಳು.

“ಹಾಗಾದ್ರೆ ಗುಂಡಿನಾದ್ರೂ ಗಟ್ಟಿ ಮಾಡಿ ಕೊಡಿ.”

“ಗುಂಡಿ ಗಟ್ಟಿಯಾಗೇ ಇದೆಯಲ್ಲ.”

ಮುಂದಿನ ವಾರ ಅವನು ಗುಂಡಿ ಕಿತ್ತುಕೊಂಡೇ ಬಂದ. ಅಲ್ಲಿಂದ ಮದುವೆಗೆ ಎಂಟು ತಿಂಗಳು.

ಮದುವೆಯಾದ ವರ್ಷವೇ, ಅಕ್ಕ ಹೋಗುತ್ತಿದ್ದ ಪ್ರಾರ್ಥನಾ ಸಭೆಯವರ ಹೊತ್ತಿಗೆಯೊಂದರ ಕರಡಿನಲ್ಲಿ, ಅವನಿಗೆ ಒಂದು ಹೊಸ ಪದ ಕಣ್ಣಿಗೆ ಬಿತ್ತು: ‘ಪೇಗನ್ನರು’. ಒಬ್ಬ ದೇವರನ್ನು ಬಿಟ್ಟು ಸೂರ್ಯ, ನೀರು, ಬೆಂಕಿ, ಸತ್ತ ಹಿರಿಯರು ಇವರನ್ನೆಲ್ಲ ಪೂಜಿಸುವವರು ಎಂದು ಕಂಸದಲ್ಲಿ ವಿವರಣೆ ಇತ್ತು. ನಕಾರಕ್ಕೆ ನಕಾರದ ಒತ್ತು ಸರಿಯೇ ಎಂದು ನಿಘಂಟು ತೆರೆದು ನೋಡುತ್ತಿದ್ದವನಿಗೆ, ಇದು ಮನೆಯಲ್ಲಿರುವವಳ ವಿಷಯ ಅಂತ ಹೊಳೆದದ್ದು ಸ್ವಲ್ಪ ತಡವಾಗಿ. ಸಂಜೆ ಮನೆಗೆ ಹೋಗಿ ಹೇಳಿದ.

“ನೀನು ಪೇಗನ್ ಅಂತೆ ಕಣೇ.”

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. “ಹೌದಾ? ಔಷಧಿ ಇದೆಯಂತಾ?”

“ಇಲ್ಲಿ ಔಷಧಿ ಬರೆದಿಲ್ಲ. ಸತ್ತ ಮೇಲೆ ಬೆಂಕಿ ಅಂತ ಬರೆದಿದಾರೆ.”

“ಬೆಂಕಿ ನಮ್ಮವರೇ ಬಿಡಿ” ಅಂದಳು ಅವಳು, ದಾರದ ತುದಿ ಕಚ್ಚುತ್ತಾ.

ಅಂದಿನಿಂದ ಅದು ಗಂಡ ಹೆಂಡಿರ ನಡುವಿನ ಒಂದು ತಮಾಷೆಯಾಯಿತು. ಯಾವುದೇ ಪಂಗಡದ ಕರಡು ಬರಲಿ, ಪೇಗನ್ನರು ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಅದರಲ್ಲಿದ್ದರೆ, ಅವನು ತಪ್ಪದೆ ವರದಿ ಒಪ್ಪಿಸುತ್ತಿದ್ದ. ಒಂದು ಪಂಗಡದವರು, ಸತ್ಯದ ಮಾತು ಯಾರ ಕಿವಿಗೇ ಬಿದ್ದಿಲ್ಲವೋ ಅವರಿಗೆ ಕ್ಷಮೆಯಿದೆ, ಕೇಳಿಯೂ ಒಪ್ಪದವರಿಗೆ ಇಲ್ಲ ಎಂದರು. “ಹಾಗಾದ್ರೆ ನಿಮ್ಮಕ್ಕ ನನಗೆ ಹೇಳದೇ ಇದ್ದಿದ್ರೆ ನಾನು ಬಚಾವಾಗ್ತಿದ್ದೆ” ಅಂದಳು. ಮತ್ತೊಬ್ಬರು, ಸರಿದಾರಿಗೆ ಬರುವವರೆಗೂ ಮತ್ತೆ ಮತ್ತೆ ಹುಟ್ಟುತ್ತಾರೆ ಎಂದರು. ಅದು ಅವಳಿಗೆ ಹಿಡಿಸಿತು. ಗುಂಡಿಯೇ ಇಲ್ಲದ ಬಟ್ಟೆ ಹಾಕುವ ದೇಶದಲ್ಲಿ ಹುಟ್ಟಿದರೆ ಸಾಕಂತೆ. ಸತ್ತವರಿಗೆ ಏನೂ ಗೊತ್ತಾಗುವುದಿಲ್ಲ, ಕೊನೆಯ ದಿನ ಎಬ್ಬಿಸಿ ವಿಚಾರಣೆ ಮಾಡಿ, ಒಪ್ಪದವರನ್ನು ಇಲ್ಲವೇ ಇಲ್ಲವೆಂಬಂತೆ ಅಳಿಸಿಬಿಡುತ್ತಾರೆ ಎಂದು ಇನ್ನೊಂದು ಹೊತ್ತಿಗೆ ಹೇಳಿತು. ಅದನ್ನು ಕೇಳಿ ಅವಳು ನಗಲಿಲ್ಲ. “ಬೆಂಕಿನೇ ವಾಸಿ. ಇದ್ದೀವಿ ಅಂತಾದ್ರೂ ಇರುತ್ತೆ” ಅಂದಳು.

“ನಿಮ್ಮ ಕಡೆಯವರು ಏನಂತಾರೆ?” ಅಂತ ಅವನು ಒಂದೆರಡು ಸಲ ಕೇಳಿದ್ದ. “ನಮ್ಮ ಕಡೆ ಪ್ರೆಸ್ಸಿಲ್ಲ” ಎಂದು ಅವಳು ಮಾತು ಹಾರಿಸಿದ್ದಳು. ಅವನೂ ಕೆದಕಲಿಲ್ಲ.

ಅಕ್ಕನಿಗೆ ಇದು ತಮಾಷೆಯಾಗಿರಲಿಲ್ಲ. ಅಕ್ಕ ಮದುವೆಯಾಗದೆ ಉಳಿದವಳು, ಶಾಲೆಯೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಪ್ರತಿ ಭಾನುವಾರ ಸಭೆ ಮುಗಿಸಿ ನೇರ ತಮ್ಮನ ಮನೆಗೆ ಬರುತ್ತಿದ್ದಳು. ತಮ್ಮನ ಹೆಂಡತಿಯನ್ನು ಮೊದಲ ದಿನ ‘ಹುಡುಗಿ’ ಅಂದವಳು, ಅವಳಿಗೆ ಐವತ್ತು ದಾಟಿದರೂ ಹುಡುಗಿ ಎಂದೇ ಕರೆದಳು. ಇವರಿಗೆ ಮಕ್ಕಳಾಗಲಿಲ್ಲ, ಮೂವರೇ ಒಂದು ಸಂಸಾರದ ಹಾಗಿದ್ದರು. ಅಕ್ಕನ ಮೊಣಕಾಲು ನೋವಿಗೆ ಎಣ್ಣೆ ತಿಕ್ಕುತ್ತಿದ್ದವಳು ಹುಡುಗಿ, ಅಕ್ಕನ ಕೋಟಿನ ತೋಳು ಉದ್ದ ಮಾಡಿದವಳು ಹುಡುಗಿ. ಎಣ್ಣೆ ತಿಕ್ಕಿಸಿಕೊಳ್ಳುತ್ತಲೇ ಅಕ್ಕ ಹೇಳುವಳು, “ಒಂದು ಸಲ ನಮ್ಮ ಸಭೆಗೆ ಬಂದು ನೋಡೇ.” “ಬರ್ತೀನಿ ಅಕ್ಕಾ, ಕಾಲು ಈ ಕಡೆ ಕೊಡಿ” ಅನ್ನುವಳು ಇವಳು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಆಮೇಲೆ ಹುಡುಗಿಯ ಕಣ್ಣು ಹಳದಿಯಾಯಿತು. ಕಾಮಾಲೆ ಅಂದುಕೊಂಡರು. ಪರೀಕ್ಷೆ ಮಾಡಿದ ವೈದ್ಯರು ಪಿತ್ತಕೋಶದ ಹಿಂದೆ ಗಡ್ಡೆಯಿದೆ ಎಂದರು. ನಾಲ್ಕು ತಿಂಗಳೂ ತುಂಬಲಿಲ್ಲ. ಕೊನೆಯ ವಾರ ಆಸ್ಪತ್ರೆಯಲ್ಲಿ, ಕಿಟಕಿಯ ಪಕ್ಕದ ಮಂಚ. ಬೆಳಿಗ್ಗೆ ಬಿಸಿಲು ಬಂದಾಗ ಅವಳು ಎರಡು ಬೆರಳು ಎತ್ತಿ ಸೂರ್ಯನಿಗೆ ಏನೋ ಹೇಳುತ್ತಿದ್ದಳು. ಮನೆಯಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಎರಡೂ ಕೈ ಎತ್ತುತ್ತಿದ್ದವಳು; ಈಗ ಎರಡು ಬೆರಳಿನಷ್ಟೇ ಶಕ್ತಿ ಉಳಿದಿತ್ತು.

ಒಂದು ಮಧ್ಯಾಹ್ನ ಅಕ್ಕ ಬಂದು ಮಂಚದ ಅಂಚಿನಲ್ಲಿ ಕೂತಳು. ಕರಡಣ್ಣ ಎದುರಿನ ಸ್ಟೂಲಿನಲ್ಲಿದ್ದ. ಅಕ್ಕ ಬಗ್ಗಿ ಹೇಳಿದಳು.

“ಹುಡುಗಿ, ಒಂದೇ ಒಂದು ಮಾತು ಹೇಳು. ನಮ್ಮ ದೇವರನ್ನ ಒಪ್ಪಿದೆ ಅಂತ. ದೀಕ್ಷೆಯ ನೀರು ಹಾಕೋದು ಬೇಡ, ಸಭೆ ಬೇಡ, ಯಾರೂ ಬೇಡ. ನನ್ನ ಕಿವಿಯಲ್ಲಿ ಹೇಳಿದ್ರೆ ಸಾಕು.”

ಹುಡುಗಿ ಅಕ್ಕನ ಮುಖ ನೋಡಿದಳು. “ನಿಮಗೋಸ್ಕರ ಹೇಳ್ಬಹುದು ಅಕ್ಕಾ. ಆದ್ರೆ ಅದು ಸುಳ್ಳಾಗುತ್ತೆ. ನಿಮ್ಮ ದೇವರ ಹತ್ರ ನಾನು ಸುಳ್ಳು ಹೇಳಿದ್ರೆ ನಿಮಗೆ ಬೇಜಾರಾಗಲ್ವಾ?”

ಅಕ್ಕ ಒದ್ದೆ ಬಟ್ಟೆಯಿಂದ ಅವಳ ಹಣೆ, ಕುತ್ತಿಗೆ ಒರೆಸಿದಳು. ಮತ್ತೆ ಆ ಮಾತೆತ್ತಲಿಲ್ಲ. ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನರ್ಸು ಹಾಸಿಗೆಯ ಹೊದಿಕೆ ಬದಲಿಸಲು ಬಂದಾಗ, ಹುಡುಗಿ ಹೋಗಿಬಿಟ್ಟಿದ್ದಳು.

ಅಕ್ಕನ ಸಭೆಯ ಸ್ಮಶಾನದಲ್ಲಿ ಅವಳಿಗೆ ಜಾಗವಿರಲಿಲ್ಲ. ಪುರಸಭೆಯ ಸ್ಮಶಾನದಲ್ಲಿ ಕಾಂಪೌಂಡಿಗೆ ಹತ್ತಿಕೊಂಡಂತೆ ‘ಇತರೆ’ ಎಂಬ ಹಲಗೆಯಿದ್ದ ಸಾಲಿನಲ್ಲಿ ಮಣ್ಣು ಮಾಡಿದರು. ನೋಯುವ ಮೊಣಕಾಲನ್ನು ಮಣ್ಣಿಗೂರಿ ಕೂತ ಅಕ್ಕನನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಮನೆಗೆ ಬಂದ ಮೇಲೆ ಅವಳು ತಮ್ಮನಿಗೆ ಹೇಳಿದ್ದು ಒಂದೇ ಮಾತು: “ನಿನಗೆ ಅವಳು ಹೋದಳು ಅಷ್ಟೇ ಕಣೋ. ನನಗೆ ಇನ್ನು ಎಂದೆಂದಿಗೂ ಸಿಗೋದಿಲ್ಲ.” ಹಂಗಿಸುವುದಕ್ಕೆ ಆಡಿದ ಮಾತಲ್ಲ ಅದು. ಅವಳು ನಂಬಿದ್ದೇ ಹಾಗೆ. ತಾನು ಹೋಗುವ ಜಾಗಕ್ಕೆ ಹುಡುಗಿ ಬರುವುದಿಲ್ಲ, ಹುಡುಗಿ ಇರುವ ಜಾಗವನ್ನು ನೆನೆಯಲು ಅವಳಿಗೆ ಧೈರ್ಯವಿರಲಿಲ್ಲ. ಊಟ ಬಿಟ್ಟಳು. ಭಾನುವಾರ ಬಂದರೆ ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಿದ್ದಳು. ಕೋಟು ಹೆಗಲಿನಿಂದ ಜಾರುವಷ್ಟು ಇಳಿದುಹೋದಳು.

ಐದು ವಾರದ ಮೇಲೆ ಕರಡಣ್ಣ ಕೆಲಸಕ್ಕೆ ಹೋದ. ಮೇಜಿನ ಮೇಲೆ ಶಾಲೆಯ ಪರೀಕ್ಷಾ ಪತ್ರಿಕೆ, ಬಸ್ಸಿನ ವೇಳಾಪಟ್ಟಿ, ಅದರ ಕೆಳಗೆ ಅಕ್ಕನ ಸಭೆಯ ಹೊಸ ಹೊತ್ತಿಗೆ. ಬರೆದವರು ಆ ಸಭೆಯ ಹಿರಿಯರು, ನಿವೃತ್ತ ಮೇಷ್ಟ್ರು. ಅವರು ಆಗಲೇ ಒಂದು ಸಲ ನೋಡಿ ಒಪ್ಪಿ ಕಳಿಸಿದ್ದ ಕೊನೆಯ ಕರಡು ಅದು. ಇವನು ಮೇಲೆಮೇಲೆ ಕಣ್ಣಾಡಿಸಿ ಸಹಿ ಹಾಕಿದರೆ ಮುಗಿಯಿತು. ಹದಿನೇಳನೇ ಪುಟದಲ್ಲಿ ಆ ಸಾಲು ಇತ್ತು: ‘ಪೇಗನ್ನರಿಗೆ ಸತ್ತ ಮೇಲೆ ಎಂದಿಗೂ ಆರದ ಬೆಂಕಿಯೇ ಗತಿ.’

ಇಂಥ ಸಾಲನ್ನು ಅವನು ಇಪ್ಪತ್ತು ಸಲವಾದರೂ ಓದಿ ಸಹಿ ಹಾಕಿದ್ದ. ಒತ್ತು ಸರಿಯಿತ್ತು. ಪೂರ್ಣವಿರಾಮ ಇತ್ತು. ಒಂದು ತಪ್ಪೂ ಇರಲಿಲ್ಲ. ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಆಸ್ಪತ್ರೆಯಲ್ಲಿ ಮೇಲೆದ್ದ ಆ ಎರಡು ಬೆರಳು ಕಣ್ಣ ಮುಂದೆ ಬಂದವು. ಆಮೇಲೆ ‘ಎಂದಿಗೂ ಆರದ ಬೆಂಕಿಯೇ ಗತಿ’ ಎಂಬುದಕ್ಕೆ ಅಡ್ಡಗೆರೆ ಎಳೆದು ಅಂಚಿನಲ್ಲಿ ಬರೆದ: ‘ಏನಾಗುತ್ತದೆಂದು ನಮಗೆ ತಿಳಿಯದು.’ ಎಂದಿನ ಗುಂಡು ಅಕ್ಷರ. ಸಹಿ ಹಾಕಿದ. ಟೈಪು ಮಾಡುವವಳು ಏನೂ ಕೇಳದೆ ಬದಲಿಸಿದಳು. ಕರಡಣ್ಣ ತಿದ್ದಿದ್ದನ್ನು ಆ ಪ್ರೆಸ್ಸಿನಲ್ಲಿ ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಮಾರನೇ ದಿನ ಯಂತ್ರ ತಿರುಗಿತು. ಶನಿವಾರ ಕಟ್ಟುಗಳು ಸಭೆಗೆ ಹೋದವು.

ತಾನು ಮಾಡಿದ್ದು ಎಂಥ ಕೆಲಸ ಅಂತ ಅವನಿಗೆ ಗೊತ್ತಿತ್ತು. ಯಾವಾಗ ಬೈಗುಳ ಬರುತ್ತದೋ ಎಂದು ಕಾಯುತ್ತಿದ್ದ. ಬೈಗುಳಕ್ಕಿಂತ ಮೊದಲು ಅಕ್ಕ ಬಂದಳು.

ಭಾನುವಾರ ಮಧ್ಯಾಹ್ನ ಬಾಗಿಲು ತೆಗೆದರೆ ಅವಳು ಏದುಸಿರು ಬಿಡುತ್ತಾ ನಿಂತಿದ್ದಳು. ಬಸ್ಸಿಗೆ ಕಾಯದೆ ನಡೆದೇ ಬಂದಿದ್ದಳಂತೆ. ಚೀಲದಿಂದ ಹೊತ್ತಿಗೆ ತೆಗೆದು ಮಡಿಸಿದ ಪುಟ ಬಿಡಿಸಿದಳು.

“ಇಲ್ಲಿ ನೋಡೋ. ಇಲ್ಲಿ. ಏನಾಗುತ್ತದೆಂದು ನಮಗೆ ತಿಳಿಯದು. ನಮ್ಮ ಹಿರಿಯರೇ ಬರೆದಿದಾರೆ. ಅಷ್ಟು ಓದಿದವರು, ಅವರಿಗೇ ಗೊತ್ತಿಲ್ಲವಂತೆ. ಹಾಗಾದ್ರೆ ನಾವ್ಯಾಕೆ ಬೆಂಕಿ ಅಂತ ಅಂದ್ಕೋಬೇಕು? ದೇವರು ಏನಾದ್ರೂ ದಾರಿ ಇಟ್ಟಿರ್ತಾನೆ, ಅಲ್ವಾ?”

ಅಕ್ಕ ಅಡುಗೆಮನೆಗೆ ಹೋಗಿ ತಾನೇ ತಟ್ಟೆ ಹಾಕಿಕೊಂಡಳು. ಎರಡು ಸಲ ಬಡಿಸಿಕೊಂಡು ಉಂಡಳು. ತನ್ನ ಕೋಟಿನ ತೋಳು ಉದ್ದ ಮಾಡುವಾಗ ಹುಡುಗಿ ಒಂದನ್ನು ಒಂದೂವರೆ ಇಂಚು ಜಾಸ್ತಿ ಮಾಡಿ, ‘ನಿಮ್ಮ ಬಲಗೈ ದಾನ ಕೊಟ್ಟು ಕೊಟ್ಟು ಉದ್ದ ಆಗಿದೆ ಅಕ್ಕಾ’ ಅಂದಿದ್ದನ್ನು ಹೇಳಿ ನಕ್ಕಳು. ಹುಡುಗಿ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವಿನ ಮುಂದೆ ಸತ್ಯ ಹೇಳುವುದಕ್ಕೆ ಅವನಿಗೆ ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆಯೂ ಹೇಳಲಿಲ್ಲ.

ಬುಧವಾರ ಯಜಮಾನಿ ಅವನನ್ನು ಒಳಗೆ ಕರೆದರು. ಮೇಜಿನ ಮೇಲೆ ಅವನ ಸಹಿಯಿದ್ದ ಕರಡು, ಪಕ್ಕದಲ್ಲಿ ಅಚ್ಚಾದ ಹೊತ್ತಿಗೆ. ಆಕೆ ಕನ್ನಡಕ ಹಾಕಿಕೊಂಡು ಎರಡನ್ನೂ ಮತ್ತೊಮ್ಮೆ ನೋಡಿದರು.

“ಇದು ನಿಮ್ಮ ಅಕ್ಷರ.”

“ಹೌದಮ್ಮ.”

“ಕೈತಪ್ಪಿ ಆಗಿದ್ದಾ?”

ಹೌದು ಅಂದಿದ್ದರೆ ಆಕೆ ಅಷ್ಟಕ್ಕೇ ಬಿಡುತ್ತಿದ್ದರು. ಬಿಡಬೇಕೆಂದೇ ಹಾಗೆ ಕೇಳಿದ್ದರು.

“ಇಲ್ಲಮ್ಮ. ಬೇಕಂತಲೇ ಬರೆದೆ.”

ಯಜಮಾನಿ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು. “ಮೂವತ್ತೊಂದು ವರ್ಷದಲ್ಲಿ ನೀವು ಒಂದು ಅರ್ಥಕ್ಕೂ ಕೈ ಹಾಕಿದವರಲ್ಲ. ಇನ್ನೊಬ್ಬರಾಗಿದ್ದರೆ ಇವತ್ತೇ ಮನೆಗೆ ಕಳಿಸ್ತಿದ್ದೆ. ಈ ಪುಟ ಮತ್ತೆ ಅಚ್ಚು ಹಾಕಿಕೊಡ್ತೀವಿ ಅಂತ ಸಭೆಯವರಿಗೆ ಹೇಳಿದೀನಿ. ನೀವು ಹೋಗಿ ಆ ಹಿರಿಯರ ಹತ್ರ ತಪ್ಪಾಯ್ತು ಅನ್ನಿ. ಇನ್ನು ಮುಂದೆ ಧರ್ಮದ ಕರಡು ನಿಮ್ಮ ಮೇಜಿಗೆ ಬರೋದಿಲ್ಲ.” ಕರಡನ್ನು ಮಡಿಸುತ್ತಾ, “ನಿಮ್ಮ ಮನೆಯವರು ನನ್ನ ತಂದೆಯ ಕೋಟಿನ ಒಳಗೆ ಹೊಸ ಅಸ್ತರು ಹೊಲಿದುಕೊಟ್ಟಿದ್ದರು” ಎಂದು ಸೇರಿಸಿ ಮುಖ ಕಿಟಕಿಯ ಕಡೆ ತಿರುಗಿಸಿದರು.

ಹಿರಿಯರ ಮನೆ ಮೂರನೇ ಮಹಡಿಯಲ್ಲಿತ್ತು. ಎಂಬತ್ತರ ಹತ್ತಿರದ ಮನುಷ್ಯ, ಕೈ ನಡುಕ. ತಾವೇ ಚಹಾ ಮಾಡಿ ತಂದರು. ಬಟ್ಟಲು ತಟ್ಟೆಯ ಮೇಲೆ ಗಲಗಲ ಅನ್ನುತ್ತಿತ್ತು. ಕರಡಣ್ಣ ತಪ್ಪೊಪ್ಪಿಕೊಂಡ. ಹೆಂಡತಿ ಯಾರು, ಏನಾಯಿತು ಎಂದೂ ಹೇಳಿದ.

ಹಿರಿಯರು ಸಿಟ್ಟು ಮಾಡಲಿಲ್ಲ. “ನಾನು ಯಾರನ್ನೂ ದ್ವೇಷಿಸಿ ಅದನ್ನ ಬರೆದಿಲ್ಲಪ್ಪ. ಮುಂದೆ ಹಳ್ಳ ಇದೆ ಅಂತ ಗೊತ್ತಿದ್ದು, ಹೋಗೋರಿಗೆ ಕೂಗಿ ಹೇಳದೆ ನಾನು ಸುಮ್ಮನೆ ಕೂತರೆ ನಾನೆಂಥ ಮನುಷ್ಯ? ನಿಮ್ಮ ಹೆಂಡತಿಗೆ ಯಾರಾದ್ರೂ ಹೇಳಿದ್ರಾ?”

“ನನ್ನಕ್ಕ ಇಪ್ಪತ್ತಾರು ವರ್ಷ ಹೇಳಿದಳು.”

ಹಿರಿಯರಿಗೆ ಅಕ್ಕನ ಗುರುತಿತ್ತು. ಅವರು ಬಟ್ಟಲನ್ನು ತಟ್ಟೆಯ ನಡುವಿಗೆ ಸರಿಸಿದರು. ಏನಾದರೂ ಸಮಾಧಾನದ ಮಾತು ಹುಡುಕುತ್ತಿದ್ದರೇನೋ. ಸಿಕ್ಕಲಿಲ್ಲ. ಸಿಕ್ಕದೇ ಇದ್ದದ್ದನ್ನು ಸಿಕ್ಕಿತು ಎನ್ನುವ ಜಾತಿಯ ಮನುಷ್ಯ ಅವರಲ್ಲ. “ಚಹಾ ಆರಿಹೋಗುತ್ತೆ, ಕುಡೀರಿ” ಎಂದರು. ಇವನು ಮೆಟ್ಟಿಲಿಳಿಯುವಾಗ ಬಾಗಿಲ ತನಕ ಬಂದು, “ನಿಮ್ಮ ಅಕ್ಕನಿಗೆ ನೀವೇ ಹೇಳಿ. ಭಾನುವಾರ ಸಭೆಯಲ್ಲಿ ಹೊಸ ಪುಟ ಹಂಚ್ತೀವಿ. ಅಲ್ಲಿ ಗೊತ್ತಾಗೋದು ಬೇಡ” ಎಂದರು.

ಅಂದು ಸಂಜೆಯೇ ಅವನು ಅಕ್ಕನ ಮನೆಗೆ ಹೋದ. ಅವಳು ಹುಡುಗಿಯ ಹೊಲಿಗೆ ಡಬ್ಬಿಯನ್ನು ಒಪ್ಪ ಮಾಡುತ್ತಾ ಕೂತಿದ್ದಳು. ನೆನಪಿಗಿರಲಿ ಎಂದು ತಾನೇ ಕೇಳಿ ತಂದಿದ್ದ ಡಬ್ಬಿ. ಬಿಳಿ ಗುಂಡಿಗಳನ್ನೆಲ್ಲ ಒಂದು ಸಣ್ಣ ಶೀಶೆಗೆ ತುಂಬುತ್ತಿದ್ದಳು.

“ಅಕ್ಕಾ, ಆ ಸಾಲು ನಿಮ್ಮ ಹಿರಿಯರದ್ದಲ್ಲ. ನಾನು ಬರೆದದ್ದು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ. ಯಜಮಾನಿ ಹೇಳಿದ್ದು, ಹಿರಿಯರ ಮನೆಗೆ ಹೋದದ್ದು, ಭಾನುವಾರ ಹೊಸ ಪುಟ ಬರುವುದು, ಎಲ್ಲ. ಅಕ್ಕನ ಬೆರಳಲ್ಲಿದ್ದ ಗುಂಡಿ ಶೀಶೆಗೂ ಬೀಳಲಿಲ್ಲ, ಡಬ್ಬಿಗೂ ಬೀಳಲಿಲ್ಲ. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು.

“ಮೂರು ದಿನ ಚೆನ್ನಾಗಿ ಉಂಡೆ ಕಣೋ” ಅಂದಳು ಅಕ್ಕ. “ಮೂರು ದಿನ ನಿದ್ದೆ ಬಂತು.”

ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅತ್ತು ಮುಗಿದ ಮೇಲೆ, ಗ್ರಂಥಾಲಯದಲ್ಲಿ ಒಂದು ಪುಸ್ತಕ ಸಿಕ್ಕದಿದ್ದರೆ ಇನ್ನೊಂದು ಕಪಾಟು ನೋಡುವವಳ ಹಾಗೆ ಕೇಳಿದಳು, “ಅವಳ ಕಡೆಯವರು ಏನಂತಾರೆ? ಅವರ ನಂಬಿಕೆಯಲ್ಲಿ ಅವಳೀಗ ಎಲ್ಲಿದಾಳಂತೆ? ನಾವು ಯಾವತ್ತೂ ಕೇಳಲೇ ಇಲ್ವಲ್ಲೋ.”

ಅವಳ ಕಡೆಯವರು ಅಂತ ಆ ಊರಿನಲ್ಲಿ ಉಳಿದಿದ್ದವರು ಒಬ್ಬರೇ: ಹುಡುಗಿಯ ಚಿಕ್ಕಮ್ಮ. ಊರಿನ ಆ ತುದಿಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದುಕೊಂಡು ದಿಂಬಿಗೆ ಹತ್ತಿ ತುಂಬುವ ಕೆಲಸ ಮಾಡುತ್ತಿದ್ದರು. ಶನಿವಾರ ಬೆಳಿಗ್ಗೆ ಕರಡಣ್ಣ ಹೋದಾಗ ಕೋಣೆಯ ತುಂಬ ಹತ್ತಿ ಹಾರಾಡುತ್ತಿತ್ತು. ಮುದುಕಿಯ ನರೆಗೂದಲು ಎಲ್ಲಿ, ಹತ್ತಿ ಎಲ್ಲಿ ಎಂದು ಹೇಳುವುದೇ ಕಷ್ಟವಾಗಿತ್ತು.

“ಬನ್ನಿ ಅಳಿಯಂದ್ರೇ. ಆ ಮೂಟೆ ಮೇಲೆ ಕೂತ್ಕೊಳ್ಳಿ, ಮೆತ್ತಗಿದೆ” ಎಂದರು.

ಅವನು ಕೂತ. ಸುತ್ತಿ ಬಳಸದೆ ಕೇಳಿದ. “ಚಿಕ್ಕಮ್ಮ, ನಿಮ್ಮಲ್ಲಿ ಸತ್ತವರು ಎಲ್ಲಿಗೆ ಹೋಗ್ತಾರೆ?”

“ಅವರವರ ಅಜ್ಜಿಯರ ಹತ್ರ. ಒಲೆ ಉರೀತಿರೋ ಒಂದು ದೊಡ್ಡ ಮನೆ ಇದೆ ಅಂತ ನಮ್ಮಮ್ಮ ಹೇಳೋರು. ಮೊದಲು ಹೋದವರು ಜಾಗ ಬಿಟ್ಟು ಸರಿದು ಕೂರ್ತಾರಂತೆ, ಆಮೇಲೆ ಬರೋರಿಗೆ.” ಮುದುಕಿ ದಿಂಬಿನ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ಹತ್ತಿಯನ್ನು ಮೂಲೆಗೆ ಒತ್ತಿದರು. “ಅವಳು ಈಗ ನನ್ನಕ್ಕನ ಪಕ್ಕದಲ್ಲಿರ್ತಾಳೆ. ಚಳಿ ಇರಲ್ಲ ಅಲ್ಲಿ. ನೀವು ಆ ಚಿಂತೆ ಬಿಡಿ.”

ಬೆಚ್ಚಗಿದ್ದಾಳೆ. ಯಾರದೋ ಪಕ್ಕ ಕೂತಿದ್ದಾಳೆ. ಅಷ್ಟಕ್ಕೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಕರಡು ತಿದ್ದುವವನ ಬುದ್ಧಿ, ಕೊನೆಯ ಸಾಲಿನವರೆಗೆ ಓದದೆ ಬಿಡುವುದಿಲ್ಲ.

“ನಾನು ಹೋದಾಗ?”

ಮುದುಕಿಯ ಕೈ ದಿಂಬಿನೊಳಗೇ ನಿಂತಿತು. “ನೀವು ನಿಮ್ಮವರ ಹತ್ರ ಹೋಗ್ತೀರಿ, ಅಲ್ವಾ?”

“ಆ ಮನೆಗೆ ನನ್ನನ್ನ ಬಿಡಲ್ವಾ?”

“ಅದು ಹುಟ್ಟಿನಿಂದ ಬರೋದು ಅಳಿಯಂದ್ರೇ. ಅಲ್ಲಿಗೆ ದಾರಿ ತೋರಿಸೋಕೆ ಬರೋದು ನಮ್ಮ ಅಜ್ಜಿಯರು. ನಿಮ್ಮನ್ನ ಅವರಿಗೆ ಗುರುತಿಲ್ಲ.” ಮುದುಕಿ ಎಷ್ಟು ಮೆತ್ತಗೆ ಹೇಳಿದರೆಂದರೆ, ಅದು ಇಲ್ಲ ಎಂಬ ಉತ್ತರವೆಂದು ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

ಆಮೇಲೆ ಅವರು ಕೈ ಹೊರಗೆಳೆದು, ಹತ್ತಿ ಮೆತ್ತಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು. “ಅವಳೂ ಕೇಳಿದ್ಲು. ನಿಮ್ಮ ಮದುವೆಯಾಗಿ ಇನ್ನೂ ವರ್ಷ ಆಗಿರ್ಲಿಲ್ಲ. ಯಾವುದೋ ಪುಸ್ತಕದಲ್ಲಿ ಏನೋ ಬರೆದಿದಾರೆ, ಅದು ಹೋಗಲಿ, ನಮ್ಮ ಕಡೆ ಹೇಗೆ ಹೇಳು ಅಂತ ಬಂದ್ಲು. ನೀವು ಕೂತಿದೀರಲ್ಲ, ಅಲ್ಲೇ ಕೂತಿದ್ಲು. ನಮ್ಮನೆಯವರನ್ನ ಒಳಗೆ ಬಿಡ್ತಾರಾ ಚಿಕ್ಕಮ್ಮ ಅಂದ್ಲು. ನಾನು ಇಲ್ಲ ಅಂದೆ. ನನಗೆ ಗೊತ್ತಿದ್ದದ್ದು ಅದೇ. ಬಿಕ್ಕಿ ಬಿಕ್ಕಿ ಅತ್ಲು. ಅದಾದ ಮೇಲೆ ಒಂದು ವರ್ಷ ನನ್ನ ಹತ್ರ ಮಾತೇ ಆಡ್ಲಿಲ್ಲ. ನಿಮಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ.”

ಹೇಳಿರಲಿಲ್ಲ. ಔಷಧಿ ಇದೆಯಂತಾ ಎಂದು ನಕ್ಕವಳು, ಆ ವಾರವೋ ಮುಂದಿನ ವಾರವೋ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಳು. ಅತ್ತು, ಕಣ್ಣು ತೊಳೆದುಕೊಂಡು, ಮನೆಗೆ ಬಂದು ಅವನು ಹೊತ್ತು ತಂದ ಪ್ರತಿಯೊಂದು ವರದಿಯನ್ನೂ ಕೇಳಿ ನಗುತ್ತಿದ್ದಳು. ಇಪ್ಪತ್ತಾರು ವರ್ಷ. ತಾನು ಅದನ್ನೆಲ್ಲ ತಮಾಷೆಯೆಂದು ಹೊತ್ತು ತರುತ್ತಿದ್ದೆನಲ್ಲ, ಅನ್ನಿಸಿತು ಕರಡಣ್ಣನಿಗೆ. ಆ ಮೆತ್ತಗಿನ ಮೂಟೆಯ ಮೇಲೆ ಮುಖ ಮುಚ್ಚಿಕೊಂಡು ಅವನು ಅತ್ತ. ಮಣ್ಣು ಮಾಡಿದ ದಿನವೂ ಹೀಗೆ ಅತ್ತಿರಲಿಲ್ಲ. ಮುದುಕಿ ಬೆನ್ನ ಮೇಲೆ ಕೈಯಿಟ್ಟು ಕೂತರು. ಕೆಳಗೆ ಯಾರೋ ಸೈಕಲ್ ಗಂಟೆಯನ್ನು ಮತ್ತೆ ಮತ್ತೆ ಒತ್ತಿ ಪರೀಕ್ಷಿಸುತ್ತಿದ್ದರು.

ಭಾನುವಾರ ಅಕ್ಕ ಬಂದಳು. ಹೊಸ ಪುಟ ಅಂಟಿಸಿದ ಹೊತ್ತಿಗೆ ಅವಳ ಚೀಲದಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ. ಅವನು ಚಿಕ್ಕಮ್ಮ ಹೇಳಿದ್ದೆಲ್ಲವನ್ನೂ ಹೇಳಿದ. ಒಲೆ, ಅಜ್ಜಿಯರು, ಸರಿದು ಕೂರುವುದು, ಹುಟ್ಟಿನಿಂದ ಬರುವ ಜಾಗ, ಹುಡುಗಿ ಅತ್ತದ್ದು. ಅಕ್ಕ ಮಧ್ಯೆ ಬಾಯಿ ಹಾಕದೆ ಕೇಳಿದಳು.

“ಅಲ್ಲೂ ನಮಗೆ ಜಾಗ ಇಲ್ಲ ಹಾಗಾದ್ರೆ.”

“ಇಲ್ಲ.”

ಆಮೇಲೆ ಅವಳು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ, ಸಣ್ಣ ದನಿಯಲ್ಲಿ ಅಂದಳು, “ನನ್ನ ಬಗ್ಗೆ ಕೇಳಿದ್ಲಂತಾ?”

ಹೌದು ಅನ್ನಬಹುದಿತ್ತು. ಒಂದು ಸಲ ಸುಳ್ಳು ಬರೆದು ಅಕ್ಕನಿಗೆ ಮೂರು ದಿನ ನಿದ್ದೆ ಕೊಟ್ಟು ಕಿತ್ತುಕೊಂಡಿದ್ದು ಅವನಿಗೆ ಸಾಕಾಗಿತ್ತು. “ಅದು ನಾನು ಕೇಳಲಿಲ್ಲ ಅಕ್ಕಾ” ಅಂದ.

“ನನ್ನನ್ನ ಕರ್ಕೊಂಡು ಹೋಗು. ನಾನೇ ಕೇಳ್ತೀನಿ.”

ಮೂರು ವಾರ ಬಿಟ್ಟು, ಅಕ್ಕನ ಮೊಣಕಾಲು ಸ್ವಲ್ಪ ಬಾಗುವಂತಾದ ಮೇಲೆ, ಇಬ್ಬರೂ ಹೋದರು. ಸೈಕಲ್ ಅಂಗಡಿಯ ಕಡಿದಾದ ಮೆಟ್ಟಿಲನ್ನು ಅಕ್ಕ ಒಂದೊಂದಾಗಿ ಕೂತು ಎದ್ದು ಹತ್ತಿದಳು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದ್ದು ಮದುವೆಯ ದಿನ, ಮಣ್ಣಿನ ದಿನ, ಅಷ್ಟೇ. ಚಿಕ್ಕಮ್ಮ ಮೂಟೆಯೊಂದನ್ನು ಸರಿಸಿ ಅಕ್ಕನಿಗೆ ಜಾಗ ಮಾಡಿದರು. ಆಮೇಲೆ ಚಿಕ್ಕಮ್ಮ ಅಕ್ಕನ ಕೋಟಿನ ತೋಳು ಹಿಡಿದು ಹೊಲಿಗೆ ನೋಡಿ, “ಇದು ನಮ್ಮ ಹುಡುಗಿ ಕೈ” ಅಂದರು. ಅಲ್ಲಿಂದ ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅವಳಿಗೆ ಏಳು ವರ್ಷವಾಗಿದ್ದಾಗ ಪರದೆ ಕತ್ತರಿಸಿ ಲಂಗ ಹೊಲಿದುಕೊಂಡದ್ದು, ಹೊಡೆತ ತಿಂದದ್ದು. ಅಕ್ಕನಿಗೆ ಜ್ವರ ಬಂದಾಗ ಹನ್ನೊಂದು ದಿನ ಅಕ್ಕನ ಮನೆಯಲ್ಲೇ ಉಳಿದದ್ದು. ಕೋಪ ಬಂದರೆ ಮಾತಾಡದೆ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದದ್ದು. ಅಕ್ಕ ಕೂತಲ್ಲೇ ಎರಡು ದಿಂಬಿಗೆ ಹತ್ತಿಯನ್ನೂ ತುಂಬಿದಳು. ಕರಡಣ್ಣ ಬಾಗಿಲ ಬಳಿ ಮೂಟೆಯ ಮೇಲೆ ಕೂತು ಕಾದ. ಹುಡುಗಿ ತನ್ನ ಬಗ್ಗೆ ಕೇಳಿದ್ದಳೇ ಎಂದು ಅಕ್ಕ ಕೇಳುತ್ತಾಳೆ, ಈಗ ಕೇಳುತ್ತಾಳೆ ಅಂದುಕೊಂಡ. ಬಿಸಿಲು ಗೋಡೆ ಹತ್ತಿತು. ಅಕ್ಕ ಎದ್ದು, ಚಿಕ್ಕಮ್ಮನ ಎರಡೂ ಕೈ ಹಿಡಿದು, ಬರ್ತೀನಿ ಅಂದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಕ್ಕನ ತಲೆಯಲ್ಲಿ ಹತ್ತಿಯ ಎಳೆಗಳು ಅಂಟಿದ್ದವು; ಅವನು ಒಂದೆರಡು ತೆಗೆದ.

“ಕೇಳಲೇ ಇಲ್ವಲ್ಲಕ್ಕಾ.”

ಅಕ್ಕ ಹೊರಗೆ ನೋಡುತ್ತಿದ್ದಳು. “ಕೇಳಿದ್ರೆ ಉತ್ತರ ಹೇಳಿಬಿಡ್ತಾರೆ ಕಣೋ” ಅಂದಳು.

ಇಳಿಯುವ ನಿಲ್ದಾಣ ಇನ್ನೂ ದೂರವಿತ್ತು. ಅಕ್ಕ ಮೊಣಕಾಲು ನೀವಿಕೊಳ್ಳುತ್ತಿದ್ದಳು.